ಕಾಳಿ, ಕನಸು, ಅಭಿಮನ್ಯು: ಒಂದು ಪುಟದ ಪಾಠಗಳು

ಕಾಳಿ ಒಂದು ಬೇಟೆನಾಯಿ. ಅದು ಸತ್ತು ಸಾವಿರ ವರ್ಷಗಳ ಮೇಲಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಒಂದು ಕಲ್ಲಿನ ಮೇಲೆ ಅದರ ಹೆಸರಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲು ಅದು. ನಾಯಿ ಮತ್ತು ಕಾಡುಹಂದಿ ಒಂದನ್ನೊಂದು ಹಿಡಿದು ಕಾದಾಡುವ ಚಿತ್ರ, ಅದರ ಸುತ್ತ ಹಳಗನ್ನಡದ ಸಾಲುಗಳು. ಹಲಸೂರಿನ ಪಕ್ಕದ ಮರ್ಫಿ ಟೌನ್‌ನಲ್ಲಿ ನನ್ನ ಮನೆಯ ಜಗುಲಿಗೆ ಸಂಜೆ ಓದಲು ಬರುವ ಮಕ್ಕಳಿಗೆ ನಾನು ಕೊಡುವ ಮೊದಲ ಪಾಠ ಈ ಕಾಳಿಯದು. ಶಾಸನದಲ್ಲಿ ಇರುವುದನ್ನು ಇಟ್ಟುಕೊಂಡು ಇವತ್ತಿನ ಕನ್ನಡದಲ್ಲಿ ನಾನೇ ಬರೆದದ್ದು. ಪೂರ್ತಿ ಇಲ್ಲಿ ಕೊಡುತ್ತೇನೆ:

“ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆಯಿತು. ಒಂದು ಕಡೆ ರಾಷ್ಟ್ರಕೂಟರು ಮತ್ತು ಗಂಗರು, ಇನ್ನೊಂದು ಕಡೆ ಚೋಳರು. ಚೋಳರ ರಾಜಾದಿತ್ಯ ಆನೆಯ ಮೇಲೆಯೇ ಸತ್ತ. ಗೆದ್ದ ಕಡೆಯಲ್ಲಿ ಮಣಲೇರ ಎಂಬ ವೀರನಿದ್ದ. ಅವನ ಧೈರ್ಯಕ್ಕೆ ಅರಸ ಮೆಚ್ಚಿ, ಏನು ಬೇಕೋ ಕೇಳು ಎಂದ. ಮಣಲೇರ ಹೊನ್ನು ಕೇಳಲಿಲ್ಲ. ಕಾಳಿಯನ್ನು ಕೊಡಿ ಎಂದ. ಕಾಳಿ ಅರಸನ ನಾಯಿ. ಅರಸ ಕೊಟ್ಟ. ಆಮೇಲೆ ಬೆಳತೂರಿನ ಹತ್ತಿರ ಒಂದು ದೊಡ್ಡ ಕಾಡುಹಂದಿ ಬಂತು. ಕಾಳಿಯನ್ನು ಅದರ ಮೇಲೆ ಬಿಟ್ಟರು. ಕಾಳಿ ಹಿಂದೆ ಸರಿಯಲಿಲ್ಲ, ಹಂದಿಯೂ ಸರಿಯಲಿಲ್ಲ. ಎರಡೂ ಸತ್ತವು. ಮಣಲೇರ ಆತಕೂರಿನ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿದ. ಅದರ ಪೂಜೆಗೆ ಹೊಲ ಬಿಟ್ಟ.”

ಇಷ್ಟೇ. ಗಟ್ಟಿಯಾಗಿ ಓದಿದರೆ ಒಂದೂವರೆ ನಿಮಿಷ. ಕನ್ನಡ ಈಗಷ್ಟೇ ಕೂಡಿಸಿ ಓದುವ ಮಗುವಿಗೆ ಆರೇಳು ನಿಮಿಷ, ಅದರಲ್ಲಿ ‘ರಾಷ್ಟ್ರಕೂಟ’ಕ್ಕೇ ಒಂದು ನಿಮಿಷ ಹೋಗುತ್ತದೆ. ಒತ್ತಿಗೆ ಒತ್ತು ಕೊಟ್ಟ ಆ ಅಕ್ಷರವನ್ನು ಸುಲಭ ಮಾಡಲೆಂದು ನಾನು ಬೇರೆ ಮಾತು ಹಾಕಿಲ್ಲ. ನಾಯಿಯ ಗತಿ ಏನಾಯಿತು ಎಂಬ ಕಾತರ ಇದ್ದರೆ ಮಗು ಎಂಥ ಒತ್ತಕ್ಷರವನ್ನೂ ದಾಟುತ್ತದೆ. ಕಾತರ ಇಲ್ಲದಿದ್ದರೆ ‘ಅರಸ’ ಕೂಡ ಭಾರವೇ.

ಚಿಕ್ಕ ಓದುಪಾಠ ಎಂದರೆ ಏನು, ಅದನ್ನು ಎಲ್ಲಿಂದ ಆರಿಸಬೇಕು, ಹೇಗೆ ಬರೆಯಬೇಕು ಎಂಬುದರ ಬಗ್ಗೆ ಈ ಲೇಖನ. ನಾನು ಕನ್ನಡ ಮೇಷ್ಟ್ರಾಗಿ ನಿವೃತ್ತಳಾದವಳು. ಇಲ್ಲಿನ ಮಕ್ಕಳಿಗೆ ‘ಮೇಷ್ಟ್ರು’ ಎಂದರೆ ಗಂಡಸು, ಹಾಗಾಗಿ ನಾನು ‘ಮಿಸ್’. ಅವರ ಅಮ್ಮಂದಿರಿಗೆ ‘ಅಕ್ಕಾ’. ನನ್ನ ಮನೆಮಾತು ತಮಿಳು. ಓದಿದ್ದು, ಬರೆದದ್ದು, ಪಾಠ ಹೇಳಿದ್ದು ಕನ್ನಡದಲ್ಲಿ. ಮರ್ಫಿ ಟೌನ್‌ನಲ್ಲಿ ಇದೇನೂ ವಿಶೇಷವಲ್ಲ. ನಮ್ಮ ಬೀದಿಯಲ್ಲಿ ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಎದುರಿಗೆ ಉರ್ದು, ಮೂಲೆಯ ಅಂಗಡಿಯಲ್ಲಿ ಮಲಯಾಳ. ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುವಾಗ ಇವೆಲ್ಲ ಒಂದೇ ಮಾತಿನೊಳಗೆ ಬರುತ್ತವೆ.

ಇದಕ್ಕೆ ಕಾರಣ ನಮ್ಮ ಜಾಗದ ಚರಿತ್ರೆ. ಬ್ರಿಟಿಷರು 1809ರಲ್ಲಿ ಹಲಸೂರಿನ ಆಸುಪಾಸು ದಂಡು ಇಳಿಸಿದರು. ಸೈನ್ಯದ ಜೊತೆ ಮದ್ರಾಸ್ ಕಡೆಯಿಂದ ಅಡುಗೆಯವರು, ಗಾರೆ ಕೆಲಸದವರು, ದರ್ಜಿಗಳು, ವ್ಯಾಪಾರಿಗಳು ಬಂದು ನೆಲೆಸಿದರು. ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಬ್ರಿಟಿಷರದ್ದು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. 1949ರಲ್ಲಿ ಎರಡನ್ನೂ ಕೂಡಿಸಿ ನಗರ ಕಾರ್ಪೊರೇಶನ್ ಮಾಡುವವರೆಗೂ ದಂಡಿನ ಕಡೆ ಶಾಲೆ, ಕಚೇರಿ ಎಂದರೆ ಇಂಗ್ಲಿಷ್ ಇಲ್ಲವೇ ತಮಿಳು, ಉರ್ದು. ಹಲಸೂರು ದಂಡಿಗಿಂತ ಎಷ್ಟೋ ಹಳೆಯ ಊರು. ಆದರೆ ನಮ್ಮ ಕಡೆಯ ಅನೇಕ ಕುಟುಂಬಗಳಲ್ಲಿ ಕನ್ನಡವನ್ನು ಓದಿದ ಮೊದಲ ತಲೆಮಾರು ನನ್ನದು. ನಾನು ಪಾಠ ಹೇಳುವ ಮಕ್ಕಳ ಅಜ್ಜಿಯರು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಬಸ್ಸಿನ ಬೋರ್ಡು ಮಾತ್ರ ಓದಲಾರರು.

ಈ ಮಕ್ಕಳಿಗೆ ನಾನು ಮೊದಲೇ ಹೇಳುವ ಮಾತು ಒಂದಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ‘ತುತ್ತೂರಿ’ ಬರೆದ ಜಿ.ಪಿ. ರಾಜರತ್ನಂ ಅವರದ್ದೂ ತಮಿಳು. ಕೆ.ಎಸ್. ನಿಸಾರ್ ಅಹಮದ್ ದೇವನಹಳ್ಳಿಯಲ್ಲಿ ಉರ್ದು ಮಾತಿನ ಮನೆಯಲ್ಲಿ ಹುಟ್ಟಿದವರು. ಕನ್ನಡದ ಮಕ್ಕಳೆಲ್ಲ ಬಾಯಿಪಾಠ ಮಾಡುವುದು ಇವರು ಬರೆದದ್ದನ್ನೇ. ಕನ್ನಡ ನಿಮಗೆ ಬೇರೆಯವರ ಮನೆ ಅನ್ನಿಸಬೇಕಾಗಿಲ್ಲ ಎಂದು ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಚಿಕ್ಕ ಗದ್ಯಭಾಗ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಪರೀಕ್ಷೆಯ ಪ್ರಶ್ನೆಪತ್ರಿಕೆ. ಕೆಳಗಿನ ಗದ್ಯಭಾಗ ಓದಿ, ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಅಲ್ಲಿ ಮಗು ಓದುವುದು ಉತ್ತರ ಹುಡುಕಲು. ಪ್ರಶ್ನೆಯಲ್ಲಿರುವ ಪದ ಯಾವ ಸಾಲಿನಲ್ಲಿದೆ ನೋಡಿ, ಆ ಸಾಲನ್ನು ಹಾಗೇ ಇಳಿಸುತ್ತದೆ. ಕಥೆ ಏನಾಯಿತು ಎಂದು ಕೇಳಿದರೆ ಗೊತ್ತಿರುವುದಿಲ್ಲ. ಮಕ್ಕಳ ಓದನ್ನು ಅಳೆಯುವ ‘ಅಸರ್’ ಸಮೀಕ್ಷೆ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಯುತ್ತಿದೆ. ಅದರ ಅಳತೆಗೋಲೂ ಇಂಥ ತುಣುಕುಗಳೇ: ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಕೊನೆಗೆ ಎರಡನೇ ತರಗತಿ ಮಟ್ಟದ ಒಂದು ಚಿಕ್ಕ ಕಥೆ. ಐದನೇ ತರಗತಿಯಲ್ಲಿದ್ದೂ ಆ ಚಿಕ್ಕ ಕಥೆ ಓದಲು ಬಾರದ ಮಕ್ಕಳು ಎಷ್ಟೋ ಮಂದಿ ಎಂಬುದನ್ನು ಆ ವರದಿಗಳು ಮತ್ತೆ ಮತ್ತೆ ಹೇಳುತ್ತಿವೆ. ಅಳೆಯುವುದು ಅಗತ್ಯ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಓದು ಬರಬೇಕಾದರೆ ಅಳೆಯುವ ತುಣುಕಿನ ಜೊತೆಗೆ ಇನ್ನೊಂದು ಬಗೆಯ ತುಣುಕು ಬೇಕು. ಮತ್ತೆ ಓದಬೇಕು, ಮನೆಗೆ ಹೋಗಿ ಯಾರಿಗಾದರೂ ಹೇಳಬೇಕು ಅನ್ನಿಸುವಂಥದ್ದು.

ಕನ್ನಡಕ್ಕೆ ಇದು ಹೊಸ ವಿದ್ಯೆಯಲ್ಲ. ನಮಗೆ ಸಿಕ್ಕಿರುವ ಅತಿ ಹಳೆಯ ಗದ್ಯಗ್ರಂಥ ‘ವಡ್ಡಾರಾಧನೆ’, ಹತ್ತನೇ ಶತಮಾನದ್ದು, ಹತ್ತೊಂಬತ್ತು ಕಥೆಗಳ ಸಂಗ್ರಹ. ಕೇಳಲು ಬಂದು ಕೂತವರಿಗೆ ಒಂದು ಹೊತ್ತಿಗೆ ಒಂದು ಕಥೆ ಹೇಳುವ ಹದ ಅದರಲ್ಲಿದೆ. ಚಾಲುಕ್ಯರ ಆಸ್ಥಾನದ ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಕೂಲಿಮಠಗಳ ಕಾಲದಲ್ಲಿ ಮಕ್ಕಳು ಲಕ್ಷ್ಮೀಶನ ಜೈಮಿನಿ ಭಾರತವನ್ನು ಪದ್ಯ ಪದ್ಯವಾಗಿ ಬಾಯಿಗೆ ತಂದುಕೊಳ್ಳುತ್ತಿದ್ದರು. ಅಕ್ಷರ ಬಾರದವರಿಗೂ ಕಾವ್ಯ ತಲುಪಿದ್ದು ಗಮಕಿಗಳಿಂದ. ಒಬ್ಬರು ಕುಮಾರವ್ಯಾಸನ ಒಂದು ಭಾಗ ಹಾಡಿ ಓದುವುದು, ಇನ್ನೊಬ್ಬರು ಅರ್ಥ ಬಿಡಿಸುವುದು. ಇಡೀ ಗದುಗಿನ ಭಾರತವನ್ನು ಒಂದೇ ಕೂತಲ್ಲಿ ಯಾರೂ ಕೇಳಿದವರಲ್ಲ. ಇವತ್ತು ಉತ್ತರನ ಪೌರುಷ, ನಾಳೆ ಕರ್ಣಭೇದನ, ಹೀಗೆ ತುಣುಕು ತುಣುಕಾಗಿಯೇ ನಮ್ಮ ಹಿರಿಯರು ಮಹಾಕಾವ್ಯಗಳನ್ನು ಬಲ್ಲವರಾದರು.

ಅಚ್ಚಿನ ಕಾಲಕ್ಕೆ ಬಂದರೆ ನಾನು ಮೊದಲು ಕೈಮುಗಿಯುವುದು ಪಂಜೆ ಮಂಗೇಶರಾಯರಿಗೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ಶಾಲಾ ಇನ್‌ಸ್ಪೆಕ್ಟರ್ ಆಗಿ ಹಳ್ಳಿ ಹಳ್ಳಿಯ ಶಾಲೆಗಳನ್ನು ಕಂಡವರು, ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರು. ಹ್ಯಾಮೆಲಿನ್ ಊರಿನ ಕೊಳಲಿನವನ ಇಂಗ್ಲಿಷ್ ಪದ್ಯ ಅವರ ಕೈಯಲ್ಲಿ ‘ಇಲಿಗಳ ಥಕಥೈ’ ಆಯಿತು. ಓದಿದವರಿಗೆ ಅದು ಹೊರಗಿನಿಂದ ಬಂದದ್ದೆಂದು ಅನ್ನಿಸುವುದೇ ಇಲ್ಲ. ತುಳುನಾಡಿನ ಪಾಡ್ದನದ ವೀರರಾದ ಕೋಟಿ ಚೆನ್ನಯರನ್ನು ಕನ್ನಡದ ಓದಿಗೆ ತಂದವರೂ ಅವರೇ. ಪರದೇಶದ್ದನ್ನೂ ಪಕ್ಕದ ಊರಿನದ್ದನ್ನೂ ಒಂದೇ ಪ್ರೀತಿಯಿಂದ ಮಕ್ಕಳ ಮುಂದಿಟ್ಟ ಆ ಗುಣವನ್ನು ನಾನು ಅವರಿಂದ ಕಲಿಯಲು ನೋಡುತ್ತೇನೆ.

ಇಂಗ್ಲಿಷಿನಲ್ಲಿ ಇಂಥ ಪುಸ್ತಕಗಳು ಆ ಹೊತ್ತಿಗೆ ಬೇಕಾದಷ್ಟು ಇದ್ದವು. ಅಮೆರಿಕದ ಜೇಮ್ಸ್ ಬಾಲ್ಡ್‌ವಿನ್ 1896ರಲ್ಲಿ ಐವತ್ತು ಪ್ರಸಿದ್ಧ ಕಥೆಗಳನ್ನು ಒಂದೆರಡು ಪುಟಕ್ಕೊಂದರಂತೆ ಬರೆದು ಪ್ರಕಟಿಸಿದ. ಅದರಲ್ಲಿ ಆಲ್‌ಫ್ರೆಡ್ ದೊರೆಯ ಕಥೆ ಇದೆ. ಯುದ್ಧದಲ್ಲಿ ಸೋತು ತಲೆಮರೆಸಿಕೊಂಡ ದೊರೆಗೆ, ಗುಡಿಸಲಿನ ಹೆಂಗಸು ಒಲೆಯ ಮೇಲಿನ ರೊಟ್ಟಿ ನೋಡಿಕೋ ಎನ್ನುತ್ತಾಳೆ. ಅವನು ಏನೋ ಯೋಚನೆಯಲ್ಲಿ ರೊಟ್ಟಿ ಸೀಯಿಸಿ ಬೈಸಿಕೊಳ್ಳುತ್ತಾನೆ. ಇದರ ಪಕ್ಕದಲ್ಲಿ ನಾನು ನಮ್ಮ ಜೈನ ಕಥೆಗಳಲ್ಲಿ ಬರುವ ಚಾಣಕ್ಯನದ್ದನ್ನು ಇಡುತ್ತೇನೆ. ನಂದರ ಮೇಲೆ ನೇರ ರಾಜಧಾನಿಗೇ ದಾಳಿ ಮಾಡಿ ಸೋತ ಚಾಣಕ್ಯ ಮತ್ತು ಚಂದ್ರಗುಪ್ತ ವೇಷ ಮರೆಸಿ ಅಲೆಯುತ್ತಿರುವಾಗ, ಒಬ್ಬ ಮುದುಕಿ ಬಿಸಿ ಗಂಜಿಯ ನಡುವಿಗೇ ಕೈಹಾಕಿ ಸುಟ್ಟುಕೊಂಡ ಮಗುವನ್ನು ಗದರಿಸುವುದು ಕೇಳಿಸುತ್ತದೆ: ನೀನೂ ಚಾಣಕ್ಯನ ಹಾಗೆ ದಡ್ಡ, ಅಂಚಿನಿಂದ ತಿನ್ನಬಾರದೇ! ಎರಡು ದೇಶ, ಎರಡು ಕಾಲ. ಎರಡರಲ್ಲೂ ಯುದ್ಧದಲ್ಲಿ ಸೋತವನಿಗೆ ಬುದ್ಧಿ ಬರುವುದು ಬಡವರ ಅಡುಗೆಮನೆಯಲ್ಲಿ, ಹೆಂಗಸಿನ ಬಾಯಿಂದ. ಈ ಜೋಡಿ ಪಾಠವನ್ನು ಮಕ್ಕಳಿಗಿಂತ ಅವರ ಅಮ್ಮಂದಿರು ಹೆಚ್ಚು ಇಷ್ಟಪಡುತ್ತಾರೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಒಬ್ಬಾಕೆ, “ಅಕ್ಕಾ, ಆ ಗಂಜಿ ಕಥೆ ಇನ್ನೊಂದು ಸಲ ಹೇಳಿ” ಎಂದು ಒಳಗೆ ಬಂದವರು, ಈಗ ಅಕ್ಷರ ಕಲಿಯುತ್ತಿದ್ದಾರೆ. ಚಂದ್ರಗುಪ್ತ ಕಡೆಗಾಲಕ್ಕೆ ನಮ್ಮ ಶ್ರವಣಬೆಳಗೊಳಕ್ಕೆ ಬಂದನೆಂದು ಜೈನ ಪರಂಪರೆ ಹೇಳುತ್ತದೆ, ಅಲ್ಲಿನ ಚಂದ್ರಗಿರಿಗೆ ಹೆಸರು ಬಂದದ್ದು ಅವನಿಂದಲೇ ಎಂದಾಗ ಅವರಿಗೆ ಗಂಜಿ ಇನ್ನೂ ಹತ್ತಿರದ್ದಾಯಿತು.

ನಾನೇ ಓದು ಕಲಿತದ್ದು ‘ಚಂದಮಾಮ’ದಿಂದ ಎಂದರೆ ತಪ್ಪಿಲ್ಲ. ಮದ್ರಾಸಿನಿಂದ ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದನ್ನು 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುಮಾಡಿದರು. ಕನ್ನಡದ್ದು 1949ರಲ್ಲಿ ಬಂತು. ತಮಿಳಿನಲ್ಲಿ ಅದರ ಹೆಸರು ‘ಅಂಬುಲಿಮಾಮಾ’. ಎಲ್ಲ ಭಾಷೆಯಲ್ಲೂ ಅವೇ ಕಥೆ, ಅವೇ ಚಿತ್ರ, ಲಿಪಿ ಮಾತ್ರ ಬೇರೆ. ನಮ್ಮ ಮನೆಗೆ ತಮಿಳಿನದ್ದು ಬರುತ್ತಿತ್ತು, ಹಲಸೂರಿನ ಬಜಾರ್ ಬೀದಿಯ ಕಡೆ ಇದ್ದ ನನ್ನ ಗೆಳತಿಯ ಮನೆಗೆ ಕನ್ನಡದ್ದು. ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮ ಎರಡರಲ್ಲೂ ಒಬ್ಬನೇ. ಎರಡನ್ನೂ ನೆಲದ ಮೇಲೆ ಹರಡಿಕೊಂಡು, ಬೇತಾಳ ಕೇಳಿದ ಪ್ರಶ್ನೆ ಕನ್ನಡದಲ್ಲಿ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ಹುಡುಕುತ್ತಿದ್ದೆವು. ಅರ್ಥ ಮೊದಲೇ ಗೊತ್ತಿದ್ದರೆ ಹೊಸ ಲಿಪಿ ಹೆದರಿಸುವುದಿಲ್ಲ ಎಂಬುದನ್ನು ನಾನು ಅಲ್ಲಿ ಕಲಿತೆ. ಇವತ್ತಿಗೂ ಜಗುಲಿಯಲ್ಲಿ ಅದೇ ಕ್ರಮ. ಪಾಠವನ್ನು ಮೊದಲು ನಾನು ಬಾಯಲ್ಲಿ ಹೇಳುತ್ತೇನೆ, ಬೇಕಾದರೆ ತಮಿಳಿನಲ್ಲೇ. ಆಮೇಲೆ ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಹಾಳೆ ಅವರ ಕೈಗೆ.

ಬೆಂಗಳೂರಿನ ರಾಷ್ಟ್ರೋತ್ಥಾನದವರು ಎಲ್.ಎಸ್. ಶೇಷಗಿರಿ ರಾಯರ ಸಂಪಾದಕತ್ವದಲ್ಲಿ ಎಪ್ಪತ್ತರ ದಶಕದಿಂದ ತಂದ ‘ಭಾರತ ಭಾರತಿ’ ಪುಸ್ತಕಗಳನ್ನೂ ಇಲ್ಲಿ ನೆನೆಯಬೇಕು. ಒಟ್ಟು 510 ಕಿರುಹೊತ್ತಗೆಗಳು. ಬಸ್ಸಿನಲ್ಲಿ ಓದಿ ಮುಗಿಸುವಷ್ಟು ದಪ್ಪ. ಶಾಲೆಯ ಕಪಾಟಿನಲ್ಲಿ ಇವು ಬೇಗ ಹರಿಯುತ್ತಿದ್ದವು, ಅಂದರೆ ಮಕ್ಕಳು ಓದುತ್ತಿದ್ದರು.

ಪಾಠ ಆರಿಸುವಾಗ ನಾನು ನೋಡುವುದು ಒಂದನ್ನು: ಇದರಲ್ಲಿ ಯಾರಾದರೂ ಏನನ್ನಾದರೂ ಆರಿಸಿಕೊಳ್ಳುತ್ತಾರೆಯೇ? ಮಣಲೇರ ಹೊನ್ನು ಬಿಟ್ಟು ನಾಯಿಯನ್ನು ಆರಿಸಿಕೊಂಡ. ಗೋವಿನ ಹಾಡಿನ ಪುಣ್ಯಕೋಟಿ ಕರುವಿಗೆ ಹಾಲೂಡಿಸಿ ಹುಲಿಯ ಬಳಿಗೆ ಮರಳುವುದನ್ನು ಆರಿಸಿಕೊಂಡಿತು. ಅಂಥ ಒಂದು ಘಳಿಗೆ ಇದ್ದರೆ ಪುಟ ನಿಲ್ಲುತ್ತದೆ. ಅದಿಲ್ಲದೆ ‘ಇಂಥ ರಾಜ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಆಳಿದನು, ಕೆರೆಗಳನ್ನು ಕಟ್ಟಿಸಿದನು, ಸಾಲುಮರಗಳನ್ನು ನೆಡಿಸಿದನು’ ಎಂದು ಬರೆದರೆ ಯಾವ ರಾಜನ ಹೆಸರು ಹಾಕಿದರೂ ನಡೆಯುತ್ತದೆ, ಮಗುವಿನ ನೆನಪಿನಲ್ಲಿ ಯಾರೂ ಉಳಿಯುವುದಿಲ್ಲ. ದೊಡ್ಡ ಗ್ರಂಥವನ್ನು ಕುಗ್ಗಿಸಿ ಒಂದು ಪುಟ ಮಾಡುವುದು ನನಗೆ ಹಿಡಿಸದ ಕೆಲಸ. ಇಡೀ ರಾಮಾಯಣ ಒಂದು ಪುಟದಲ್ಲಿ ಇದ್ದರೆ ಅಲ್ಲಿ ರಾಮನೂ ಇರುವುದಿಲ್ಲ, ಸೀತೆಯೂ ಇರುವುದಿಲ್ಲ. ಒಂದು ಘಟನೆಯನ್ನು ಕಿತ್ತು ತಂದು, ಅದರ ಬೇರಿಗೆ ಹತ್ತಿದ ಮಣ್ಣಿನ ಸಮೇತ ನೆಟ್ಟರೆ ಅದು ಬದುಕುತ್ತದೆ.

ಇನ್ನೊಂದು ನಿಯಮವನ್ನು ನಾನು ಬಿಡುವುದಿಲ್ಲ. ಚರಿತ್ರೆ ಯಾವುದು, ಐತಿಹ್ಯ ಯಾವುದು, ಕಾವ್ಯ ಯಾವುದು ಎಂಬುದು ಪಾಠದ ಒಳಗೇ ಗೊತ್ತಾಗಬೇಕು. ಹಾಳೆಯ ಮೇಲೆ ಬಲಮೂಲೆಯಲ್ಲಿ ಬರೆದಿರುತ್ತೇನೆ: ಕಲ್ಲು, ಬಾಯಿ, ಕವಿ. ಕಾಳಿಯ ಹಾಳೆಯ ಮೇಲೆ ‘ಕಲ್ಲು’.

‘ಬಾಯಿ’ಗೆ ನಮ್ಮ ಪಕ್ಕದಲ್ಲೇ ಒಳ್ಳೆಯ ಉದಾಹರಣೆ ಇದೆ, ಹಲಸೂರಿನ ಸೋಮೇಶ್ವರ ದೇವಸ್ಥಾನ. ಯಲಹಂಕ ನಾಡಪ್ರಭುಗಳ ವಂಶದ ಜಯಪ್ಪಗೌಡ ಬೇಟೆಗೆ ಬಂದು ದಣಿದು ಮರದ ಕೆಳಗೆ ಮಲಗಿದನಂತೆ. ಕನಸಿನಲ್ಲಿ ಒಬ್ಬ ಕಾಣಿಸಿಕೊಂಡು, ನೀನು ಮಲಗಿರುವಲ್ಲಿ ಲಿಂಗ ಹೂತಿದೆ, ತೆಗೆದು ಗುಡಿ ಕಟ್ಟು ಎಂದನಂತೆ. ಕೆಂಪೇಗೌಡನ ಹೆಸರಿನಲ್ಲೂ ಇದೇ ಕಥೆ ಇದೆ. ಅಲ್ಲಿ ಸೋಮೇಶ್ವರನೇ ಕನಸಿಗೆ ಬಂದು ಹೂತಿಟ್ಟ ನಿಧಿಯ ಜಾಗ ತೋರಿಸುತ್ತಾನೆ. ವಿದ್ವಾಂಸರು ಈಗಿನ ಕಟ್ಟಡದ ಮುಖ್ಯ ಭಾಗಗಳನ್ನು ವಿಜಯನಗರದ ಕಡೆಯ ಕಾಲದ್ದೆಂದು, ಹದಿನಾರನೇ ಶತಮಾನದ್ದೆಂದು ಗುರುತಿಸುತ್ತಾರೆ. ಮಕ್ಕಳಿಗೆ ಎರಡನ್ನೂ ಕೊಡುತ್ತೇನೆ. ಒಂದು ಹುಡುಗಿ ಕೇಳಿದಳು, “ಮಿಸ್, ಕನಸು ಜಯಪ್ಪಂದಾ ಕೆಂಪೇಗೌಡಂದಾ?” ಅವಳಿಗೆ ಹೇಳಿದೆ: ಹೇಳುವವರು ಯಾರೋ ಅದರ ಮೇಲೆ ಹೋಗುತ್ತೆ ಕಂದಾ, ಕಥೆ ಬಾಯಿಂದ ಬಾಯಿಗೆ ಬರುವಾಗ ಮಲಗಿದವನ ಹೆಸರು ಬದಲಾಗುತ್ತೆ, ಗುಡಿ ಮಾತ್ರ ಅಲ್ಲೇ ಇರುತ್ತೆ. ಮರುದಿನ ಅವಳು ತನ್ನ ಅಜ್ಜಿಯಿಂದ ಮೂರನೆಯ ರೂಪವೊಂದನ್ನು ಕೇಳಿಕೊಂಡು ಬಂದಳು, ಅದರಲ್ಲಿ ಮರ ಹಲಸಿನದ್ದು. ಅದನ್ನೂ ಹಾಳೆಯ ಕೆಳಗೆ ಸೇರಿಸಿದ್ದೇವೆ.

ಐತಿಹ್ಯಗಳಲ್ಲಿ ಎಲ್ಲವನ್ನೂ ಚಿಕ್ಕ ಮಕ್ಕಳ ಕೈಗೆ ಹಾಗೇ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೆಂಪೇಗೌಡ ಕೋಟೆ ಕಟ್ಟುವಾಗ ಹೆಬ್ಬಾಗಿಲು ನಿಲ್ಲದೆ ಬೀಳುತ್ತಿತ್ತು, ಬಸುರಿ ಹೆಂಗಸಿನ ಬಲಿ ಬೇಕೆಂದರು, ಸೊಸೆ ಲಕ್ಷ್ಮೀದೇವಿ ರಾತ್ರಿ ಹೋಗಿ ಪ್ರಾಣ ಕೊಟ್ಟಳು ಎಂಬ ಕಥೆ ಬೆಂಗಳೂರಿನಲ್ಲೆಲ್ಲ ಇದೆ; ಅವಳ ಸಮಾಧಿ ಎನ್ನುವ ಜಾಗ ಕೋರಮಂಗಲದಲ್ಲಿದೆ. ಉತ್ತರ ಕರ್ನಾಟಕದ ‘ಕೆರೆಗೆ ಹಾರ’ ಎಂಬ ಹಾಡಿನಲ್ಲಿ ಕಲ್ಲನಕೇರಿ ಮಲ್ಲನಗೌಡನ ಕಿರಿಯ ಸೊಸೆ ಭಾಗೀರಥಿ ಹೀಗೇ ಕೆರೆಗೆ ಬಲಿಯಾಗುತ್ತಾಳೆ. ಎರಡನ್ನೂ ತ್ಯಾಗ ಎಂದು ಒಂದೇ ಮಾತಿನಲ್ಲಿ ಹೊಗಳಿ ಮುಗಿಸುವ ಪಾಠಗಳನ್ನು ನಾನು ನೋಡಿದ್ದೇನೆ. ‘ಕೆರೆಗೆ ಹಾರ’ ಕಟ್ಟಿದ ಹೆಂಗಸರು ಅಷ್ಟು ಸುಲಭವಾಗಿ ಮುಗಿಸಲಿಲ್ಲ. ಭಾಗೀರಥಿ ತವರಿಗೆ ಹೋಗುವುದು, ಅಲ್ಲಿ ಅಪ್ಪ ಅಮ್ಮನಿಗೆ ಬಾಯಿಬಿಟ್ಟು ಹೇಳಲಾರದೆ ಒದ್ದಾಡುವುದು, ಗೆಳತಿಯ ಮುಂದೆ ಮಾತ್ರ ನಿಜ ಹೇಳುವುದು ಎಲ್ಲ ಆ ಹಾಡಿನಲ್ಲಿದೆ. ಕೊನೆಗೆ ದಂಡಿನಿಂದ ಬಂದ ಗಂಡ ಸುದ್ದಿ ತಿಳಿದು ತಾನೂ ಅದೇ ಕೆರೆಗೆ ಹಾರುತ್ತಾನೆ. ಇದನ್ನು ಚಿಕ್ಕದು ಮಾಡುವವರು ಕೆರೆ ತುಂಬಿದ್ದನ್ನು ಇಟ್ಟುಕೊಂಡು ಗೆಳತಿಯನ್ನು ಬಿಟ್ಟರೆ, ಹಾಡಿದವರ ಸಂಕಟವನ್ನೇ ಬಿಟ್ಟ ಹಾಗೆ. ಎಂಟನೇ ತರಗತಿಯ ಮೇಲಿನವರಿಗೆ ಇದನ್ನು ಓದಿಸುತ್ತೇನೆ, ಗೆಳತಿಯ ಭಾಗವನ್ನೇ ಆರಿಸಿಕೊಂಡು. ಆ ಸಂಜೆ ಬೇರೆ ಪಾಠ ಇಟ್ಟುಕೊಳ್ಳುವುದಿಲ್ಲ, ಮಾತಾಡಲು ಹುಡುಗಿಯರಿಗೆ ಬಹಳ ಇರುತ್ತದೆ.

‘ಕವಿ’ಯ ಪಾಠಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ರನ್ನನದ್ದು. ರನ್ನ ಮುಧೋಳದ ಬಳೆಗಾರರ ಮನೆಯ ಹುಡುಗ. ಇದನ್ನು ಹೇಳಿದಾಗ ಮಾರ್ಕೆಟ್ಟಿನಲ್ಲಿ ಬಳೆ ಅಂಗಡಿ ಇಟ್ಟವರ ಮಗ ನೆಟ್ಟಗೆ ಕೂತ. ರನ್ನನ ‘ಗದಾಯುದ್ಧ’ದಲ್ಲಿ ಸೋತ ದುರ್ಯೋಧನ ರಣರಂಗದಲ್ಲಿ ನಡೆದುಬರುವ ಭಾಗವಿದೆ. ಸಂಜಯ ಜೊತೆಗಿದ್ದಾನೆ. ಕಾಲಿಗೆ ಹೆಣಗಳು ತೊಡರುತ್ತವೆ. ದ್ರೋಣ ಬಿದ್ದಿದ್ದಾನೆ, ದುಶ್ಶಾಸನ ಬಿದ್ದಿದ್ದಾನೆ, ಮಗ ಲಕ್ಷಣಕುಮಾರ ಬಿದ್ದಿದ್ದಾನೆ, ಕರ್ಣ ಬಿದ್ದಿದ್ದಾನೆ. ನಡುವೆ ಅಭಿಮನ್ಯು. ಶತ್ರುವಿನ ಮಗ, ತಾನೂ ತನ್ನವರೂ ಸುತ್ತುವರಿದು ಕೊಂದ ಹುಡುಗ. ದುರ್ಯೋಧನ ಅವನ ಮುಂದೆ ನಿಂತು ಅವನ ಪರಾಕ್ರಮವನ್ನು ಹೊಗಳುತ್ತಾನೆ. ನಿನ್ನ ಸಾಹಸದ ಒಂದು ಪಾಲಿಗಾದರೂ ತಕ್ಕ ಸಾವು ನನಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ.

ಈ ಪುಟವನ್ನು ಓದುವಾಗ ಮಕ್ಕಳಿಗೆ ಗೊಂದಲವಾಗುತ್ತದೆ. ಆಗಬೇಕು ಕೂಡ. ಟೀವಿಯಲ್ಲಿ ಕಂಡ ದುರ್ಯೋಧನ ಗಹಗಹಿಸಿ ನಗುವವನು. ಇಲ್ಲಿ ಅವನೇ ತಲೆಬಾಗುತ್ತಾನೆ. “ಹಂಗಾದ್ರೆ ಅವ್ನು ಒಳ್ಳೆಯವ್ನಾ ಮಿಸ್?” ಎಂದು ಒಬ್ಬ ಕೇಳುತ್ತಾನೆ, ಇನ್ನೊಬ್ಬ “ಕೊಂದಿದ್ದು ಇವರೇ ಅಲ್ವಾ” ಎನ್ನುತ್ತಾನೆ. ಇಬ್ಬರಿಗೂ ನಾನು ಉತ್ತರ ಕೊಡುವುದಿಲ್ಲ. ಸಾವಿರ ವರ್ಷದ ಹಿಂದೆ ರನ್ನನೂ ಕೊಡಲಿಲ್ಲ. ಹಳಗನ್ನಡದ ಮೂಲ ಪದ್ಯವನ್ನು ಕೊನೆಯಲ್ಲಿ ಒಂದು ಸಲ ಗಟ್ಟಿಯಾಗಿ ಓದುತ್ತೇನೆ. ಅರ್ಥ ತಿಳಿಯದಿದ್ದರೂ ಅದರ ನಡಿಗೆ ಕಿವಿಗೆ ಬೀಳಲಿ ಎಂದು. ದೊಡ್ಡವರಾದ ಮೇಲೆ ಪುಸ್ತಕದಲ್ಲಿ ಎದುರಾದಾಗ ಹಿಂದೆ ಕೇಳಿದ ದನಿ ಗುರುತು ಸಿಗುತ್ತದೆ.

ನಮ್ಮ ಕಡೆಯ ಕಲ್ಲುಗಳ ಮಾತಿಗೆ ಬರುತ್ತೇನೆ. ಇವನ್ನು ಓದಲು ಆಗುವಂತೆ ಮಾಡಿದವರು ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಮಿಷನರಿಯೊಬ್ಬರ ಮಗ. ಅವರೂ ಪಂಜೆಯವರ ಹಾಗೆ ಶಾಲೆಗಳ ಇನ್‌ಸ್ಪೆಕ್ಟರ್. ಶಾಲೆ ನೋಡಲೆಂದು ಊರೂರು ಸುತ್ತುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ನಿಂತ ಕಲ್ಲುಗಳು ಕಣ್ಣಿಗೆ ಬಿದ್ದವು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಒಂಬತ್ತು ಸಾವಿರದ ಹತ್ತಿರದಷ್ಟು ಶಾಸನಗಳನ್ನು ಅವರು ಅಚ್ಚು ಹಾಕಿಸಿದರು. ಬೆಂಗಳೂರು ಜಿಲ್ಲೆಯದ್ದು ಒಂಬತ್ತನೆಯ ಸಂಪುಟ, 1905ರದ್ದು.

ಶಾಸನಗಳು ಹೇಳಿ ಕೇಳಿ ಚಿಕ್ಕ ಗದ್ಯಗಳು. ಕಲ್ಲಿನ ಮೇಲೆ ಜಾಗ ಕಡಿಮೆ, ಕೆತ್ತುವವನ ಶ್ರಮ ದೊಡ್ಡದು, ಹಾಗಾಗಿ ಒಂದು ಮಾತೂ ಸುಮ್ಮನೆ ಬರುವುದಿಲ್ಲ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ಹದಿನಾರೇ ಸಾಲು. ಬೇಗೂರಿನ ದೇವಸ್ಥಾನದಲ್ಲಿರುವ ಸುಮಾರು 890ರ ವೀರಗಲ್ಲು ಇನ್ನೂ ಚಿಕ್ಕದು, ನಾಗತ್ತರನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಸತ್ತರೆಂದು ಹೇಳುತ್ತದೆ. ಬೆಂದಕಾಳೂರಿನ ಅಜ್ಜಿ ಅರಸನಿಗೆ ಬೇಯಿಸಿದ ಕಾಳು ಕೊಟ್ಟ ಕಥೆಯನ್ನು ಎಲ್ಲ ಮಕ್ಕಳೂ ಬಲ್ಲರು. ಆ ಕಥೆಯ ಅರಸ ಹೊಯ್ಸಳರ ವೀರಬಲ್ಲಾಳ, ಅವನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಕಲ್ಲಿನ ಮೇಲೆ ಬೆಂಗಳೂರಿನ ಹೆಸರು ಇದೆ ಎಂದಾಗ ಬೆರಳು ಮಡಿಸಿ ಲೆಕ್ಕ ಹಾಕಿ ಬೆರಗಾಗುತ್ತಾರೆ. ‘ಬಾಯಿ’ ಹಾಳೆ ಮತ್ತು ‘ಕಲ್ಲು’ ಹಾಳೆಯನ್ನು ಪಕ್ಕದಲ್ಲಿಟ್ಟು ಓದುವ ಅಭ್ಯಾಸ ಅಲ್ಲಿಂದ ಶುರುವಾಗುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಇದಕ್ಕೂ ಹಳೆಯದು, ಸುಮಾರು 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ರಟ್ಟವಾಡಿಯ ಸೈನ್ಯ ಮೇಲೆ ಬಿದ್ದಾಗ ಕಾದಾಡಿ ಸತ್ತವನು ಕಿತ್ತಯ್ಯ. ರಾಜನಲ್ಲ, ಮಂತ್ರಿಯಲ್ಲ. ಅವನ ಹೆಸರನ್ನು ಉಳಿಸಿದ್ದು ಆ ಕೆಲವು ಸಾಲುಗಳು ಮಾತ್ರ.

ಕಾಳಿಯ ಪಾಠ ಓದಿದ ದಿನವೇ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ನಾನು ಇನ್ನೂ ಪಾಠದಿಂದಲೇ ಉತ್ತರ ಬರೆಯುತ್ತಿದ್ದೇನೆ. ಅವನ ಮನೆಯಲ್ಲಿ ತಮಿಳು. “ಮಿಸ್, ಚೋಳರು ನಮ್ಮವರಲ್ವಾ? ಹಂಗಾದ್ರೆ ಈ ಕಥೇಲಿ ನಾವು ಸೋತವ್ರಾ?” ಬೇರೆ ಮಕ್ಕಳು ನಕ್ಕರು, ಅವನು ನಗಲಿಲ್ಲ. ಒಳ್ಳೆಯ ಪ್ರಶ್ನೆ ಅದು. ದೊಡ್ಡವರೂ ಚರಿತ್ರೆ ಓದುವಾಗ ಒಳಗೊಳಗೇ ಕೇಳಿಕೊಳ್ಳುವುದು ಇದನ್ನೇ.

ಅವನಿಗಾಗಿ ನಾನು ಆರಿಸಿದ್ದು ದೊಮ್ಮಲೂರು. ಮರ್ಫಿ ಟೌನ್‌ನಿಂದ ನಡೆದೇ ಹೋಗಬಹುದು. ಅಲ್ಲಿನ ಚೊಕ್ಕನಾಥಸ್ವಾಮಿ ದೇವಸ್ಥಾನದ ಕಲ್ಲುಗಳ ಮೇಲೆ ಹದಿಮೂರನೇ ಶತಮಾನದ ತಮಿಳು ಶಾಸನಗಳಿವೆ. ದೊಮ್ಮಲೂರಿನ ಆಗಿನ ಹೆಸರುಗಳು ತೊಂಬಲೂರು, ದೇಶಿಮಾಣಿಕ್ಕಪಟ್ಟಣಂ. ಒಬ್ಬಾತ ಮತ್ತು ಅವನ ಹೆಂಡತಿ ಹಳ್ಳಿಯ ಆದಾಯವನ್ನು ಚೊಕ್ಕಪ್ಪೆರುಮಾಳಿಗೆ ಬಿಟ್ಟುಕೊಟ್ಟದ್ದನ್ನು ಒಂದು ಶಾಸನ ಹೇಳುತ್ತದೆ. ಆ ಕಾಲಕ್ಕೆ ಈ ನೆಲ ಆಳುತ್ತಿದ್ದವರು ಹೊಯ್ಸಳರು, ಬೇಲೂರು ಹಳೇಬೀಡಿನ ಹೊಯ್ಸಳರು. ಕನ್ನಡದ ಅರಸರ ನಾಡಿನಲ್ಲಿ, ನಮ್ಮ ಮನೆಗಳಿಂದ ಕೂಗಳತೆಯಲ್ಲಿ, ಬ್ರಿಟಿಷರ ದಂಡು ಬರುವುದಕ್ಕೆ ಐನೂರು ವರ್ಷ ಮೊದಲೇ ಗಂಡ ಹೆಂಡತಿ ಇಬ್ಬರು ತಮ್ಮ ದಾನವನ್ನು ತಮಿಳಿನಲ್ಲಿ ಬರೆಸಿದ್ದಾರೆ.

ಆ ಪಾಠವನ್ನು ಈಗ ಎರಡು ಭಾಷೆಯಲ್ಲಿ ಬರೆಯುತ್ತಿದ್ದೇವೆ. ಕನ್ನಡದ್ದು ನಾನು, ತಮಿಳಿನದ್ದು ಆ ಹುಡುಗನ ಅಜ್ಜಿ ಹೇಳಿದಂತೆ ಅವನು. ತಕರಾರು ನಡೆದಿರುವುದು ಒಂದೇ ಕಡೆ. ಶಾಸನದಲ್ಲಿ ಹೆಂಡತಿಯ ಪ್ರಸ್ತಾಪವೂ ಇರುವುದರಿಂದ ದಾನ ಕೊಡುವ ಯೋಚನೆ ಮೊದಲು ಅವಳಿಗೇ ಬಂದಿತ್ತು ಎಂದು ಸೇರಿಸೋಣ ಎಂದು ಅಜ್ಜಿ ಹಟ ಹಿಡಿದಿದ್ದಾರೆ. ಕಲ್ಲಿನಲ್ಲಿ ಹಾಗೆ ಇಲ್ಲ ಎಂದು ಹುಡುಗ ಒಪ್ಪುತ್ತಿಲ್ಲ. ಹಾಗೆ ಸೇರಿಸುವುದಾದರೆ ಮೂಲೆಯಲ್ಲಿ ‘ಬಾಯಿ’ ಎಂದು ಬರೆಯಬೇಕಾಗುತ್ತದೆ ಎಂದು ಅವನೇ ಅಜ್ಜಿಗೆ ತಿಳಿಸಿ ಹೇಳುತ್ತಿದ್ದಾನೆ.